ಇಂಗಾಲ-14 ಮತ್ತು ತುಂಗಭದ್ರಾ ಕಣಿವೆಯ ಕಾಲನಿರ್ಣಯ

ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ‘ಕಾಲನಿರ್ಣಯ’ವೆಂಬ ಮಾತು ಚಿರಪರಿಚಿತವಾದುದು. ಒಬ್ಬ ಕವಿಯ ಕಾಲವನ್ನು ಗೊತ್ತುಪಡಿಸಬೇಕಾದಾಗ ಆತನು ಸ್ಮರಿಸಿರುವ ಪೂರ್ವಕವಿಗಳನ್ನೂ, ಆತನನ್ನು ಸ್ಮರಿಸಿರುವ ಅನಂತರದವರನ್ನೂ, ಆಶ್ರಯದಾತನಾದ ಅರಸನ ಶಾಸನಗಳನ್ನೂ ಒಂದರ ಪಕ್ಕದಲ್ಲೊಂದಿಟ್ಟು ತೂಗಿ ನೋಡುವುದು ನಮ್ಮ ವಾಡಿಕೆ. ಶಾಸನಗಳಲ್ಲಾದರೋ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳು ಉಕ್ತವಾಗಿರುವುದುಂಟು; ಅವು ಪರಸ್ಪರ ಹೊಂದುತ್ತವೆಯೇ ಎಂಬುದನ್ನು ಗಣಿತದಿಂದ ಪರಿಶೀಲಿಸಬಹುದು. ಈ ವಿಷಯದಲ್ಲಿ ಶಿವಮೊಗ್ಗೆಯ ಸೀಮೆ ಬಡವಾದುದಲ್ಲ. ಆ ಜಿಲ್ಲೆಯ ಶಾಸನಗಳಿಗೆಂದೇ ಬಿ.ಎಲ್. ರೈಸ್ ಅವರು ತಮ್ಮ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ 7 ಮತ್ತು 8ನೆಯ ಎರಡು ಸಂಪುಟಗಳನ್ನು ಮೀಸಲಿರಿಸಬೇಕಾಯಿತು. ಆದರೆ ಶಾಸನಗಳ ಜಾಡು ಹಿಡಿದು ಹಿಂದೆ ಹಿಂದೆ ಸಾಗಿದರೆ ತಾಳಗುಂದದ ಕದಂಬರ ಸ್ತಂಭ, ಅದಕ್ಕೂ ಹಿಂದೆ ಮಳವಳ್ಳಿಯ ಪ್ರಾಕೃತ ಶಾಸನ, ಅಲ್ಲಿಗೆ ಜಿಲ್ಲೆಯ ಬರವಣಿಗೆಯ ಬೆಳಕು ಹೆಚ್ಚುಕಡಮೆ ನಂದಿಹೋಗುತ್ತದೆ. ಅಕ್ಷರವಿಲ್ಲದ ಕಾಲದ ಜನ ಶಕವರ್ಷವನ್ನು ಎಲ್ಲಿ ಕೆತ್ತಿಟ್ಟಾರು?

ಹಾಗೆಂದು ಆ ಕಾಲದಲ್ಲಿ ಜನರಿರಲಿಲ್ಲವೆಂದಲ್ಲ. ಭದ್ರಾವತಿಯ ಮೂಲಕ ಹರಿದುಬರುವ ಭದ್ರೆಯು ಕೂಡಲಿಯಲ್ಲಿ ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ ಹೊನ್ನಾಳಿಯ ಕಡೆಗೆ ಸಾಗುತ್ತದಷ್ಟೆ. ಹೊನ್ನಾಳಿಯಿಂದ ತುಸು ಕೆಳಗೆ, ನದಿಯ ಎಡದಂಡೆಯ ಮೇಲೆ, ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಹಳ್ಳೂರು ಎಂಬ ಗ್ರಾಮವಿದೆ. ಅಲ್ಲಿಯ ಪ್ರಾಚೀನ ದಿಬ್ಬವನ್ನು ಡಾ. ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ಉತ್ಖನನ ಮಾಡಿದಾಗ, ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದವರ ವಸತಿಯೂ, ಅದರ ಮೇಲ್ಗಡೆಯ ಸ್ತರಗಳಲ್ಲಿ ಕಬ್ಬಿಣವನ್ನು ಅರಿತವರ ವಸತಿಯೂ ಒಂದರ ಮೇಲೊಂದು ಕಂಡುಬಂದವು. ಎರಡೂ ಬಳಕೆಗಳು ಬೆರೆತಿದ್ದ ನಡುಗಾಲವೊಂದು ಇದ್ದುದೂ ತಿಳಿದುಬಂದಿತು. ಈ ಜನ ಯಾವಾಗ ಬಾಳಿದರು? ಅವರ ಕೈಗೆ ಕಬ್ಬಿಣ ಯಾವಾಗ ಬಂದಿತು? ಈ ಪ್ರಶ್ನೆಗಳಿಗೆ ಉತ್ತರವಿತ್ತುದು ಒಂದು ಹಿಡಿ ಇದ್ದಿಲು. ಆ ಉತ್ತರ ಹೇಗೆ ದೊರೆಯಿತೆಂಬುದನ್ನೂ, ಅದನ್ನು ಎಷ್ಟರಮಟ್ಟಿಗೆ ನೆಚ್ಚಬಹುದೆಂಬುದನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹಿಂದಿನ ಸ್ಥಿತಿಯನ್ನು ನೆನೆಯುವುದು ಉಚಿತ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಡಾ. ಎಂ.ಎಚ್. ಕೃಷ್ಣ ಅವರು ಮೊದಲೇ ನೆಲವನ್ನು ಅಗೆದು ನೋಡಿದ್ದರು. 1947ರಲ್ಲಿ ಸರ್ ಮಾರ್ಟಿಮರ್ ವ್ಹೀಲರ್ ಅವರು ಅದೇ ಎರಡು ನೆಲೆಗಳಲ್ಲಿ ಉತ್ಖನನ ನಡೆಸಿ, ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಒಂದು ಕಾಲಕ್ರಮವನ್ನು ಕಟ್ಟಿದರು. ಅವರಿಗಿದ್ದ ಆಧಾರವೆಂದರೆ ಮೇಲಿನ ಸ್ತರಗಳಲ್ಲಿ ದೊರೆಯುವ ರೋಮನ್ ನಾಣ್ಯಗಳು ಮತ್ತು ಅರಿಕಮೇಡುವಿನಲ್ಲಿ ಕಂಡುಬಂದಂಥ ಮಡಕೆಗಳು. ಇವು ಕ್ರಿಸ್ತಶಕದ ಮೊದಲ ಶತಮಾನದವು. ಅಲ್ಲಿಂದ ಕೆಳಕ್ಕೆ ಇಳಿಯುತ್ತ, ಮಣ್ಣಿನ ಸ್ತರಗಳ ದಪ್ಪವನ್ನು ನೋಡಿ, ಇಷ್ಟು ಮಣ್ಣು ಕೂಡಲು ಇಷ್ಟು ವರ್ಷ ಹಿಡಿದಿರಬಹುದೆಂದು ಅವರು ಊಹಿಸಿದರು. ಆ ಊಹೆಯ ಪ್ರಕಾರ ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದ, ಕಬ್ಬಿಣವನ್ನು ಬಲ್ಲ ಜನ ಬ್ರಹ್ಮಗಿರಿಗೆ ಬಂದುದು ಸುಮಾರು ಕ್ರಿ.ಪೂ. 200ರಲ್ಲಿ, ಕಲ್ಲಿನ ಕೊಡಲಿಯ ಜನರ ಆರಂಭ ಕ್ರಿ.ಪೂ. ಮೊದಲನೆಯ ಸಹಸ್ರಮಾನದ ಮೊದಲ ಭಾಗದಲ್ಲಿ. ಅಂದಿನ ಸಾಮಗ್ರಿಯಿಂದ ಅದಕ್ಕಿಂತ ಹೆಚ್ಚಿನದನ್ನು ಹೇಳಲು ಯಾರಿಗೂ ಸಾಧ್ಯವಿರಲಿಲ್ಲವಾದ್ದರಿಂದ ವ್ಹೀಲರ್ ಅವರನ್ನು ಈಗ ದೂರುವುದು ನ್ಯಾಯವಲ್ಲ. ಆದರೂ ಆ ಲೆಕ್ಕ ನಿಂತಿದ್ದುದು ಮೇಲಿನ ಒಂದೇ ಗೂಟದ ಮೇಲೆ. ಕೆಳಗಿನ ತುದಿ ಗಾಳಿಯಲ್ಲಿ ತೂಗಾಡುತ್ತಿತ್ತು.

ಆ ಕೆಳಗಿನ ತುದಿಗೆ ಗೂಟ ಹೊಡೆಯುವ ಉಪಾಯ ಅಮೆರಿಕದಲ್ಲಿ ಸಿದ್ಧವಾಗುತ್ತಲಿತ್ತು. ಷಿಕಾಗೊ ವಿಶ್ವವಿದ್ಯಾಲಯದ ವಿಲ್ಲರ್ಡ್ ಲಿಬ್ಬಿ ಅವರು ತಮ್ಮ ಸಹೋದ್ಯೋಗಿಗಳೊಡನೆ, ಕಾಲ ಮೊದಲೇ ಗೊತ್ತಿದ್ದ ಈಜಿಪ್ಟಿನ ಸಮಾಧಿಯ ಮರ ಮುಂತಾದ ವಸ್ತುಗಳನ್ನು ಪರೀಕ್ಷಿಸಿ, ತಮ್ಮ ವಿಧಾನವು ಸರಿಯಾದ ಉತ್ತರವನ್ನು ಕೊಡುತ್ತದೆಂದು 1949ರಲ್ಲಿ ತೋರಿಸಿಕೊಟ್ಟರು. 1960ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ವಿಧಾನದ ತಿರುಳು ಇಷ್ಟು. ಅಂತರಿಕ್ಷದಿಂದ ವಿಶ್ವಕಿರಣಗಳು ಸದಾ ಭೂಮಿಯ ವಾಯುಮಂಡಲವನ್ನು ಅಪ್ಪಳಿಸುತ್ತಿರುತ್ತವೆ. ಆ ಸಂಘಟ್ಟನೆಯಲ್ಲಿ ಹುಟ್ಟುವ ನ್ಯೂಟ್ರಾನುಗಳು ಗಾಳಿಯ ಸಾರಜನಕದ ಪರಮಾಣುಗಳನ್ನು ತಾಕಿದಾಗ, ಸಾರಜನಕವು ಒಂದು ಬಗೆಯ ಇಂಗಾಲವಾಗಿ ಮಾರ್ಪಡುತ್ತದೆ. ಸಾಮಾನ್ಯ ಇಂಗಾಲದ ಪರಮಾಣು ತೂಕ 12, ಇದರದು 14. ಗುಣದಲ್ಲಿ ಎರಡಕ್ಕೂ ಭೇದವಿಲ್ಲವಾದರೂ ಈ ಇಂಗಾಲ-14 ಸ್ಥಿರವಾದುದಲ್ಲ. ಕಾಲಕ್ರಮದಲ್ಲಿ ಒಂದು ಕಣವನ್ನು ಹೊರಚೆಲ್ಲಿ ಮತ್ತೆ ಸಾರಜನಕವೇ ಆಗಿಬಿಡುತ್ತದೆ. ಹುಟ್ಟುವುದೂ ಅಳಿಯುವುದೂ ಜೊತೆಜೊತೆಯಾಗಿ ನಡೆಯುವುದರಿಂದ ಗಾಳಿಯಲ್ಲಿ ಅದರ ಪ್ರಮಾಣ ಹೆಚ್ಚುಕಡಮೆ ಒಂದೇ ಸಮನಾಗಿರುತ್ತದೆ: ಲಕ್ಷ ಕೋಟಿ ಇಂಗಾಲದ ಪರಮಾಣುಗಳಿಗೆ ಸುಮಾರು ಒಂದು. ಇದು ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಅನಿಲವಾಗುತ್ತದೆ. ಗಿಡಮರಗಳು ಬಿಸಿಲಿನ ಬಲದಿಂದ ಆ ಅನಿಲವನ್ನು ಹೀರಿ ತಮ್ಮ ಮೈಯನ್ನು ಕಟ್ಟಿಕೊಳ್ಳುತ್ತವೆ. ಗಿಡವನ್ನು ಪಶು ಮೇಯುತ್ತದೆ. ಮನುಷ್ಯನು ಎರಡನ್ನೂ ಉಂಡು ಬದುಕುತ್ತಾನೆ. ಹೀಗಾಗಿ ಬದುಕಿರುವ ಸಕಲ ಜೀವಿಗಳ ಮೈಯಲ್ಲಿಯೂ ಗಾಳಿಯಲ್ಲಿದ್ದಷ್ಟೇ ಪ್ರಮಾಣದ ಇಂಗಾಲ-14 ಇರುತ್ತದೆ.

ಮರವನ್ನು ಕಡಿದ ದಿನ, ಹುಲ್ಲನ್ನು ಕೊಯ್ದ ದಿನ, ಈ ಕೊಡುಕೊಳೆ ನಿಲ್ಲುತ್ತದೆ. ಒಳಗಿರುವ ಇಂಗಾಲ-14 ಮಾತ್ರ ತನ್ನ ಪಾಡಿಗೆ ತಾನು ಕರಗುತ್ತಲೇ ಹೋಗುತ್ತದೆ. ಇದ್ದುದರಲ್ಲಿ ಅರ್ಧ ಅಳಿಯಲು ಸುಮಾರು 5730 ವರ್ಷಗಳು ಬೇಕು. ಉಳಿದುದರಲ್ಲಿ ಅರ್ಧ ಅಳಿಯಲು ಮತ್ತೆ ಅಷ್ಟೇ ವರ್ಷಗಳು. ಇದನ್ನೇ ಅರ್ಧಾಯುವೆನ್ನುವುದು. ಚಳಿ, ಮಳೆ, ಬೆಂಕಿ, ಮಣ್ಣಿನ ಒತ್ತಡ ಯಾವುದೂ ಈ ಗತಿಯನ್ನು ಹಿಗ್ಗಿಸಲಾರವು, ಕುಗ್ಗಿಸಲಾರವು. ಆದಕಾರಣ ಉಳಿದಿರುವುದೆಷ್ಟೆಂದು ಅಳೆದರೆ ಉಸಿರು ನಿಂತು ಎಷ್ಟು ಕಾಲವಾಯಿತೆಂದು ಹೇಳಬಹುದು. ಸುಮಾರು 50,000 ವರ್ಷಗಳಾಚೆಗೆ ಉಳಿಕೆ ಅಳೆಯಲಾರದಷ್ಟು ಅಲ್ಪವಾಗುವುದರಿಂದ ವಿಧಾನದ ಎಲ್ಲೆ ಅಲ್ಲಿಗೆ ಮುಗಿಯುತ್ತದೆ.

ಪರೀಕ್ಷೆಗೆ ಇದ್ದಿಲೇ ಬಹುವಾಗಿ ಬಳಕೆಯಾಗುವುದಕ್ಕೆ ಕಾರಣ ಸರಳವಾದುದು. ಮರ ಮಣ್ಣಿನಲ್ಲಿ ಕೊಳೆಯುತ್ತದೆ, ಗೆದ್ದಲಿಗೆ ಆಹಾರವಾಗುತ್ತದೆ. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಭದ್ರಾವತಿಯವರಿಗೆ ಇದ್ದಿಲಿನ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. 1923ರಲ್ಲಿ ಅಲ್ಲಿ ಕಾರ್ಯಾರಂಭ ಮಾಡಿದ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದುದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಕಾಡಿನ ಸೌದೆಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ. ಈ ಸಂಗತಿಗೆ ಮುಂದೆ ಮತ್ತೊಮ್ಮೆ ಮರಳಬೇಕಾಗಿದೆ.

ಪ್ರಯೋಗಾಲಯದಲ್ಲಿ ನಡೆಯುವ ಕೆಲಸವನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಹಳ್ಳೂರಿನ ಮಾದರಿಗಳು ಹೋದುದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ. 1960ರ ದಶಕದಲ್ಲಿ ಅಲ್ಲಿ ಡಿ. ಲಾಲ್, ಶೀಲಾ ಕುಸುಮಗರ್, ಡಿ.ಪಿ. ಅಗ್ರವಾಲ್ ಮೊದಲಾದವರು ಈ ಕಾರ್ಯವನ್ನು ನಡೆಸುತ್ತಿದ್ದರು. ಅಲ್ಲಿಯ ಫಲಿತಾಂಶಗಳಿಗೆಲ್ಲ ‘ಟಿಎಫ್’ ಎಂಬ ಅಕ್ಷರಗಳೊಡನೆ ಒಂದು ಕ್ರಮಸಂಖ್ಯೆಯಿರುವುದನ್ನು ಉತ್ಖನನದ ಗ್ರಂಥಗಳಲ್ಲಿ ಕಾಣಬಹುದು. ಮುಂದೆ 1970ರ ದಶಕದಲ್ಲಿ ಈ ಕಾರ್ಯ ಅಹಮದಾಬಾದಿನ ಭೌತಿಕ ಸಂಶೋಧನಾಲಯಕ್ಕೆ ಸಾಗಿತು; ಸಸ್ಯಾವಶೇಷಗಳ ಅಧ್ಯಯನಕ್ಕೆಂದು ಸ್ಥಾಪಿತವಾದ ಲಖನೌದ ಬೀರಬಲ್ ಸಾಹನಿ ಸಂಸ್ಥೆಯಲ್ಲಿಯೂ ಇಂಥ ಪ್ರಯೋಗಾಲಯ ಏರ್ಪಟ್ಟಿತು.

ಮಾದರಿ ಬಂದೊಡನೆ ಮೊದಲನೆಯ ಕೆಲಸ ಶುದ್ಧೀಕರಣ. ಮಸೂರದ ಕೆಳಗಿಟ್ಟು ಎಳೆಬೇರುಗಳನ್ನು ಚಿಮುಟದಿಂದ ಒಂದೊಂದಾಗಿ ಕೀಳುತ್ತಾರೆ. ಇದು ಅತಿಶಯದ ಮಡಿಯಲ್ಲ. ಮೊನ್ನೆ ಮೊನ್ನೆ ಬೆಳೆದ ಬೇರು ಸಾವಿರಾರು ವರ್ಷಗಳ ಇದ್ದಿಲಿನಲ್ಲಿ ಸೇರಿಕೊಂಡರೆ ಇದ್ದಿಲಿನ ವಯಸ್ಸು ಕಡಮೆಯಾಗಿ ತೋರುತ್ತದೆ. ಬಳಿಕ ಆಮ್ಲದಲ್ಲಿ ತೊಳೆದು, ಅಂಟಿರುವ ಸುಣ್ಣವನ್ನು ಕರಗಿಸುತ್ತಾರೆ. ಅನಂತರ ಕ್ಷಾರದಲ್ಲಿ ತೊಳೆದು, ಮಳೆನೀರಿನೊಡನೆ ಮೇಲಿನ ಮಣ್ಣಿನಿಂದ ಇಳಿದುಬಂದ ಕೊಳೆತ ಸಸ್ಯದ ಕಂದುಬಣ್ಣದ ಸಾರವನ್ನು ತೆಗೆಯುತ್ತಾರೆ. ಕೊನೆಗೆ ಮತ್ತೊಮ್ಮೆ ಆಮ್ಲ. ಮಲೆನಾಡಿನ ಸೆರಗಿನ ನೆಲೆಗಳಲ್ಲಿ ಮಳೆಯೂ ಬೇರೂ ವಿಪುಲವಾದ್ದರಿಂದ ಈ ಎಚ್ಚರ ವಿಶೇಷವಾಗಿ ಬೇಕು.

ಶುದ್ಧವಾದ ಇದ್ದಿಲನ್ನು ಆಮ್ಲಜನಕದಲ್ಲಿ ಪೂರ್ತಿಯಾಗಿ ಉರಿಸಿ ಅನಿಲವಾಗಿಸುತ್ತಾರೆ. ಆ ಅನಿಲವನ್ನು ಅಳತೆಗೆ ಒಗ್ಗುವ ಮತ್ತೊಂದು ಅನಿಲವಾಗಿಯೋ ಬೆಂಜೀನ್ ದ್ರವವಾಗಿಯೋ ಪರಿವರ್ತಿಸಿ ಎಣಿಕೆಯ ಉಪಕರಣದೊಳಗೆ ತುಂಬುತ್ತಾರೆ. ಅದರಲ್ಲಿ ಒಂದೊಂದು ಇಂಗಾಲ-14 ಪರಮಾಣು ಅಳಿದಾಗಲೂ ಒಂದು ಸೂಕ್ಷ್ಮ ಸಂಕೇತ ಹೊರಡುತ್ತದೆ. ಅದನ್ನು ಎಣಿಸುವುದೇ ಮುಖ್ಯವಾದ ಕೆಲಸ. ಇದು ಎಷ್ಟು ಕ್ಷೀಣವಾದ ದನಿಯೆಂದರೆ, ಇಂದಿನ ಮರದ ಒಂದು ಗ್ರಾಂ ಇಂಗಾಲದಲ್ಲಿ ನಿಮಿಷಕ್ಕೆ 13 ಅಥವಾ 14 ಸಂಕೇತಗಳು ಮಾತ್ರ. 3000 ವರ್ಷಗಳ ಹಿಂದಿನ ಇದ್ದಿಲಿನಲ್ಲಿ ಒಂಬತ್ತು-ಹತ್ತು. ಹೊರಗಿನ ವಿಶ್ವಕಿರಣಗಳ ಗದ್ದಲದಲ್ಲಿ ಈ ದನಿ ಮುಳುಗಿಹೋಗಬಾರದೆಂದು ಉಪಕರಣದ ಸುತ್ತ ಸೀಸ ಮತ್ತು ಕಬ್ಬಿಣದ ದಪ್ಪ ಗೋಡೆಗಳನ್ನು ಕಟ್ಟಿ, ಹೊರಗಿನಿಂದ ನುಗ್ಗಿಬಂದ ಸಂಕೇತಗಳನ್ನು ಗುರುತಿಸಿ ಲೆಕ್ಕದಿಂದ ಬಿಡುವ ಕಾವಲು ಉಪಕರಣಗಳನ್ನೂ ಇಟ್ಟಿರುತ್ತಾರೆ. ಎಣಿಕೆ ಹಗಲಿರುಳೂ ನಡೆಯುತ್ತದೆ.

ಫಲಿತಾಂಶದ ಮುಂದೆ ‘± 100’ ಎಂಬಂಥ ಒಂದು ಸಂಖ್ಯೆಯಿರುವುದನ್ನು ವಾಚಕರು ಗಮನಿಸಿರಬಹುದು. ಪರಮಾಣುಗಳು ಗಡಿಯಾರದ ಟಿಕಟಿಕಿನಂತೆ ಸಮನಾದ ಅಂತರದಲ್ಲಿ ಅಳಿಯುವುದಿಲ್ಲ. ಒಮ್ಮೆ ಬೇಗ, ಒಮ್ಮೆ ತಡ. 10,000 ಸಂಕೇತಗಳನ್ನು ಎಣಿಸಿದರೆ ಅದರಲ್ಲಿ ಸುಮಾರು 100ರಷ್ಟು, ಎಂದರೆ ನೂರಕ್ಕೆ ಒಂದರಷ್ಟು, ಏರುಪೇರು ಸಹಜ. ಅದು ವಯಸ್ಸಿನಲ್ಲಿ ಸುಮಾರು 80 ವರ್ಷಗಳಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ‘2900 ± 100’ ಎಂದರೆ, ನಿಜವಾದ ಸಂಖ್ಯೆ 2800 ಮತ್ತು 3000ರ ನಡುವೆ ಇರುವ ಸಂಭವ ಮೂರರಲ್ಲಿ ಎರಡು ಪಾಲು ಮಾತ್ರ. ಉಳಿದ ಒಂದು ಪಾಲು ಹೊರಗೇ ಇದೆ. ± ಚಿಹ್ನೆಯನ್ನು ಬಿಟ್ಟು ನಡುವಿನ ಸಂಖ್ಯೆಯೊಂದನ್ನೇ ಎತ್ತಿ ಬರೆಯುವ ರೂಢಿ ನಮ್ಮ ಲೇಖನಗಳಲ್ಲಿ ಹೆಚ್ಚಾಗಿದೆ. ಇದು ಶಾಸನದ ತ್ರುಟಿತ ಭಾಗವನ್ನು ನಾವೇ ತುಂಬಿ, ತುಂಬಿದೆವೆಂದು ಹೇಳದೆ ಬಿಟ್ಟಂತೆ.

ಈಗ ಹಳ್ಳೂರಿಗೆ ಬರೋಣ. ಅಲ್ಲಿಯ ಕೆಳಗಿನ ಸ್ತರದ ಇದ್ದಿಲು ಸುಮಾರು ಕ್ರಿ.ಪೂ. 1700ರಷ್ಟು ಹಳೆಯದೆಂದು ಫಲಿತಾಂಶ ಬಂದಿತು. ಅದು ಆಶ್ಚರ್ಯವನ್ನೇನೂ ತರಲಿಲ್ಲ. ಉಟ್ನೂರಿನ ಬೂದಿದಿಬ್ಬದ ಪರೀಕ್ಷೆಯಿಂದ ದಕ್ಷಿಣದ ನವಶಿಲಾಯುಗ ಕ್ರಿ.ಪೂ. 2000ಕ್ಕೂ ಹಿಂದಿನದೆಂದು ಅಷ್ಟರಲ್ಲಿ ತಿಳಿದಿತ್ತು. ಆಶ್ಚರ್ಯ ತಂದುದು ಕಬ್ಬಿಣ ಮೊದಲು ಕಾಣಿಸಿಕೊಂಡ ಸ್ತರದ ಇದ್ದಿಲು. ಅದರ ಕಾಲ ಕ್ರಿ.ಪೂ. 1000ದ ಆಸುಪಾಸು! ವ್ಹೀಲರ್ ಅವರ ಊಹೆಗಿಂತ ಎಂಟು ನೂರು ವರ್ಷಗಳಷ್ಟು ಹಿಂದೆ. ಕಬ್ಬಿಣವು ಪಶ್ಚಿಮದಿಂದ ಉತ್ತರ ಭಾರತಕ್ಕೆ ಬಂದು, ಅಲ್ಲಿಂದ ಮೆಲ್ಲಮೆಲ್ಲನೆ ದಕ್ಷಿಣಕ್ಕೆ ಇಳಿಯಿತೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದ ಕಾಲವದು. ತುಂಗಭದ್ರೆಯ ದಂಡೆಯ ಒಂದು ಹಳ್ಳಿಯಲ್ಲಿ, ಗಂಗಾ ಬಯಲಿನಷ್ಟೇ ಹಿಂದೆ, ಕಬ್ಬಿಣದ ಮೊನೆಗಳು ಬಳಕೆಯಲ್ಲಿದ್ದುವೆಂದ ಮೇಲೆ ಆ ಕಥೆಯನ್ನು ಮೊದಲಿನಂತೆ ಹೇಳುವುದು ಕಷ್ಟವಾಯಿತು. ದಕ್ಷಿಣದ ಕಬ್ಬಿಣದ ವಿದ್ಯೆಯನ್ನು ಕುರಿತ ಚರ್ಚೆಗಳಲ್ಲಿ ಹಳ್ಳೂರಿನ ಹೆಸರು ಇಂದಿಗೂ ಬರುವುದು ಈ ಕಾರಣದಿಂದಲೇ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಪ್ರಯೋಗಾಲಯವು ಪರೀಕ್ಷಿಸಿದುದು ಕಬ್ಬಿಣವನ್ನಲ್ಲ, ಇದ್ದಿಲನ್ನು. ಅದು ಹೇಳಿದುದು ಆ ಮರ ಗಾಳಿಯ ಸಂಪರ್ಕವನ್ನು ಕಳೆದುಕೊಂಡ ಕಾಲವನ್ನು. ಆ ಇದ್ದಿಲೂ ಈ ಕಬ್ಬಿಣವೂ ಒಂದೇ ಕಾಲದಲ್ಲಿ ಆ ಮಣ್ಣಿಗೆ ಬಿದ್ದುವೆಂಬ ಮಾತನ್ನು ಹೇಳುವವನು ವಿಜ್ಞಾನಿಯಲ್ಲ. ಸ್ತರಗಳನ್ನು ಒಂದೊಂದಾಗಿ ಬಿಡಿಸಿ, ಹೆಗ್ಗಣದ ಬಿಲ ಯಾವುದು, ಮನೆಯ ಕಂಬದ ಕುಳಿ ಯಾವುದು, ಆಮೇಲೆ ತೋಡಿದ ಹಗೇವು ಯಾವುದೆಂದು ಗುರುತಿಸಿದ ಉತ್ಖನನಕಾರ. ಹಳ್ಳೂರಿನ ಫಲಿತಾಂಶಕ್ಕೆ ಬೆಲೆ ಬಂದುದು ಮುಂಬಯಿಯ ಉಪಕರಣದಿಂದ ಎಷ್ಟೋ, ದಿಬ್ಬದ ಮೇಲೆ ಬಿಸಿಲಲ್ಲಿ ಕುಳಿತು ಮಣ್ಣಿನ ಬಣ್ಣವನ್ನು ಬರೆದಿಟ್ಟುಕೊಂಡವರಿಂದಲೂ ಅಷ್ಟೇ.

ಇದಲ್ಲದೆ ಮರದ್ದೇ ಒಂದು ತೊಡಕಿದೆ. ಮರದ ಕಾಂಡ ವರ್ಷಕ್ಕೊಂದು ಪದರದಂತೆ ಹೊರಗಡೆಗೆ ಬೆಳೆಯುತ್ತದೆ. ಒಳತಿರುಳಿಗೆ ಗಾಳಿಯೊಡನೆ ಕೊಡುಕೊಳೆ ಎಂದೋ ನಿಂತಿರುತ್ತದೆ. ಮುನ್ನೂರು ವರ್ಷದ ಮತ್ತಿಯನ್ನೋ ಹೊನ್ನೆಯನ್ನೋ ಇಂದು ಕಡಿದು ಅದರ ತಿರುಳನ್ನು ಪರೀಕ್ಷಿಸಿದರೆ ಅದು ಇಂದಿನದೆಂದು ತೋರದು, ಮುನ್ನೂರು ವರ್ಷ ಹಿಂದಿನದೆಂದು ತೋರುತ್ತದೆ. ಹಳೆಯ ಮನೆಯ ತೊಲೆಯನ್ನು ಹೊಸ ಮನೆಗೆ ಬಳಸಿ, ಆ ಮನೆ ಸುಟ್ಟುಹೋಗಿದ್ದರಂತೂ ತೊಡಕು ಇಮ್ಮಡಿ. ದೊಡ್ಡ ಮರಗಳಿಗೆ ಬಡತನವಿಲ್ಲದ ಭದ್ರಾ ಕಣಿವೆಯಂಥ ಕಡೆ ಇದನ್ನು ಮರೆಯುವಂತಿಲ್ಲ. ಆದುದರಿಂದಲೇ ಈಚಿನ ವಿದ್ವಾಂಸರು ಇದ್ದಿಲಿಗಿಂತ ಸುಟ್ಟು ಕರಿಕಾದ ಧಾನ್ಯದ ಕಾಳನ್ನು ಹೆಚ್ಚು ನೆಚ್ಚುತ್ತಾರೆ. ಹುರುಳಿಯ ಕಾಳಿನ ಆಯುಷ್ಯ ಒಂದೇ ಬೆಳೆಯದು. ಅದರಲ್ಲಿ ತಿರುಳು-ತೊಗಟೆಗಳ ಭೇದವಿಲ್ಲ. ಗ್ರಾಂಗಟ್ಟಲೆ ಇಂಗಾಲ ಬೇಕಾಗಿದ್ದ ಹಿಂದಿನ ವಿಧಾನದಲ್ಲಿ ಒಂದು ಕಾಳಿನಿಂದ ಏನೂ ಆಗುತ್ತಿರಲಿಲ್ಲ. 1977ರಿಂದೀಚೆಗೆ ರೂಢಿಗೆ ಬಂದ ಹೊಸ ವಿಧಾನದಲ್ಲಿ ಪರಮಾಣು ಅಳಿಯುವುದನ್ನು ಕಾಯುತ್ತ ಕೂಡದೆ, ವೇಗವರ್ಧಕ ಯಂತ್ರದ ಮೂಲಕ ಇಂಗಾಲ-14ರ ಪರಮಾಣುಗಳನ್ನೇ ಬೇರ್ಪಡಿಸಿ ಎಣಿಸುತ್ತಾರೆ. ಒಂದು ಮಿಲಿಗ್ರಾಮಿನಷ್ಟು ಇಂಗಾಲವೂ ಸಾಕು. ನಮ್ಮ ದೇಶದಲ್ಲಿ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಈ ಸೌಲಭ್ಯವಿದೆ.

ಡೋರಿಯನ್ ಫುಲ್ಲರ್, ನಿಕೋಲ್ ಬೋಯ್ವಿನ್ ಮತ್ತು ಧಾರವಾಡದ ರವಿ ಕೋರಿಶೆಟ್ಟರ್ ಅವರು ದಕ್ಷಿಣ ಭಾರತದ ನವಶಿಲಾಯುಗಕ್ಕೆ ಸಂಬಂಧಿಸಿದ ಹೊಸ ಕಾಲಗಣನೆಗಳನ್ನು 2007ರಲ್ಲಿ ಪ್ರಕಟಿಸಿದರು. ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ ಇವು ಈ ನೆಲದ ಹಳೆಯ ಬೆಳೆಗಳೆಂದು ಇಂಥ ಅಧ್ಯಯನಗಳಿಂದ ಸ್ಪಷ್ಟವಾಯಿತು. ನಾವು ಅನಾದಿಯೆಂದು ತಿಳಿದಿರುವ ರಾಗಿಯಾದರೋ ಮೂಲದಲ್ಲಿ ಪೂರ್ವ ಆಫ್ರಿಕದ ಬೆಳೆ. ಪ್ರಾಚೀನ ನೆಲೆಗಳಲ್ಲಿ ರಾಗಿ ಸಿಕ್ಕಿತೆಂಬ ಹಳೆಯ ವರದಿಗಳಲ್ಲಿ ಹಲವನ್ನು ಮರುಪರಿಶೀಲಿಸಿ, ಅವು ಬೇರೆ ಕಿರುಧಾನ್ಯಗಳಿರಬಹುದೆಂದು ಸಂದೇಹಪಟ್ಟವರಿದ್ದಾರೆ. ಕಾಳನ್ನು ಗುರುತಿಸುವುದರಲ್ಲಿಯೇ ತಪ್ಪಿದರೆ ಕಾಲವನ್ನು ಎಷ್ಟು ನಿಖರವಾಗಿ ಅಳೆದರೇನು?

ಬೂದಿದಿಬ್ಬಗಳ ಮಾತು ಮೇಲೆ ಬಂದಿತು. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಗುಡ್ಡದೋಪಾದಿಯಲ್ಲಿ ಬೂದಿಯ ರಾಶಿಗಳಿವೆ, ಕುಡತಿನಿಯದು ಪ್ರಸಿದ್ಧವಾದುದು. ಕಪ್ಪಗಲ್ಲಿನ ಬಳಿಯದನ್ನು ಜನ ಹಿಡಿಂಬಾಸುರನನ್ನು ಸುಟ್ಟ ಬೂದಿಯೆಂದು ನಂಬಿದ್ದರು. ಅವು ಶಿಲಾಯುಗದ ಗೋಪಾಲಕರು ದೊಡ್ಡಿಗಳಲ್ಲಿ ಕೂಡಿಟ್ಟ ಸಗಣಿಗೆ ಬೆಂಕಿ ಬಿದ್ದು ಉಂಟಾದುವೆಂಬುದು ಆಲ್ಚಿನ್ ಅವರು 1957ರಲ್ಲಿ ಉಟ್ನೂರಿನಲ್ಲಿ ನಡೆಸಿದ ಉತ್ಖನನದಿಂದಲೂ, ಜ್ಯೂನರ್ ಅವರ ಪರೀಕ್ಷೆಯಿಂದಲೂ ಸ್ಥಿರಪಟ್ಟಿತು. ಸಗಣಿಯನ್ನು ಸುಟ್ಟು ವಿಭೂತಿಯನ್ನು ಮಾಡುವುದನ್ನು ಕಂಡಿರುವ ನಮ್ಮ ವಾಚಕರಿಗೆ ಇದರಲ್ಲಿ ವಿಸ್ಮಯವೇನೂ ತೋರದು. ಪೂರ್ತಿ ಬೆಂದು ಬೆಳ್ಳಗಾದ ಬೂದಿ ಮಾತ್ರ ಈ ಪರೀಕ್ಷೆಗೆ ಉಪಯೋಗವಿಲ್ಲ. ಅದರಲ್ಲಿದ್ದ ಮೂಲದ ಇಂಗಾಲ ಹೊಗೆಯಾಗಿ ಹೋಗಿರುತ್ತದೆ. ಅರೆಬೆಂದು ಕಪ್ಪಾಗಿ ಉಳಿದ ತುಣುಕು ಬೇಕು. ಅದು ದನ ಮೇದ ಹುಲ್ಲಿನ ಇಂಗಾಲವಾದ್ದರಿಂದ ಹಳೆಯ ಮರದ ತೊಡಕು ಅಲ್ಲಿಲ್ಲ.

ಇನ್ನೊಂದು ಶೋಧನೆಯನ್ನೂ ಹೇಳಲೇಬೇಕು. ಗಾಳಿಯ ಇಂಗಾಲ-14 ಎಲ್ಲ ಕಾಲದಲ್ಲಿಯೂ ಸಮನಾಗಿತ್ತೆಂಬ ಲಿಬ್ಬಿ ಅವರ ಗ್ರಹಿಕೆ ಪೂರ್ತಿ ನಿಜವಲ್ಲವೆಂದು ಬೇಗನೆ ತಿಳಿಯಿತು. ಭೂಮಿಯ ಅಯಸ್ಕಾಂತ ಶಕ್ತಿ ಕುಗ್ಗಿದಾಗ ವಿಶ್ವಕಿರಣಗಳು ಹೆಚ್ಚು ನುಗ್ಗುತ್ತವೆ; ಸೂರ್ಯನ ವ್ಯಾಪಾರವೂ ಅದನ್ನು ಏರಿಳಿಸುತ್ತದೆ. ಈ ಏರುಪೇರನ್ನು ಅಳೆಯಲು ನೆರವಾದುದೂ ಮರಗಳೇ. ಕ್ಯಾಲಿಫೋರ್ನಿಯದ ಬೆಟ್ಟಗಳಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಮಿಕ್ಕಿ ಬಾಳಿರುವ ಪೈನ್ ಮರಗಳಿವೆ. ಅವುಗಳ ಹಾಗೂ ಯೂರೋಪಿನ ಓಕ್ ಮರಗಳ ವಾರ್ಷಿಕ ಉಂಗುರಗಳನ್ನು ಒಂದೊಂದಾಗಿ ಎಣಿಸಿ, ಪ್ರತಿ ಉಂಗುರದ ಇಂಗಾಲ-14ನ್ನು ಅಳೆದು, ಒಂದು ತಿದ್ದುಪಡಿಯ ರೇಖೆಯನ್ನು ಸಿದ್ಧಪಡಿಸಿದ್ದಾರೆ. 2020ರಲ್ಲಿ ಪ್ರಕಟವಾದ ರೇಖೆ 55,000 ವರ್ಷಗಳವರೆಗೆ ಹಬ್ಬಿದೆ. ಇದರ ಪ್ರಕಾರ ತಿದ್ದಿದಾಗ, ಹಿಂದೆ ಸುಮಾರು ಕ್ರಿ.ಪೂ. 950 ಎಂದು ಬರೆಯುತ್ತಿದ್ದ ಕಾಲ ಕ್ರಿ.ಪೂ. 1100ರ ಹತ್ತಿರಕ್ಕೆ ಸರಿಯುತ್ತದೆ. ಆದ್ದರಿಂದ ಹಳೆಯ ಗ್ರಂಥದ ಸಂಖ್ಯೆಯನ್ನೂ ಹೊಸ ಗ್ರಂಥದ ಸಂಖ್ಯೆಯನ್ನೂ ನೇರವಾಗಿ ಹೋಲಿಸತಕ್ಕದ್ದಲ್ಲ. ಕ್ರಿ.ಪೂ. 800ರಿಂದ 400ರವರೆಗಿನ ಭಾಗದಲ್ಲಿ ಈ ರೇಖೆ ಬಹುತೇಕ ಚಪ್ಪಟೆಯಾಗಿದೆ. ಆ ನಾಲ್ಕು ಶತಮಾನಗಳ ವಸ್ತುಗಳೆಲ್ಲ ಹೆಚ್ಚುಕಡಮೆ ಒಂದೇ ವಯಸ್ಸನ್ನು ತೋರುತ್ತವೆ. ನಮ್ಮ ಶಿಲಾಸಮಾಧಿಗಳಲ್ಲಿ ಹಲವು ಈ ಅವಧಿಗೆ ಸೇರುತ್ತವೆಂಬುದು ದುರ್ದೈವವೆನ್ನಬೇಕು.

ಕಬ್ಬಿಣವನ್ನೇ ನೇರವಾಗಿ ಪರೀಕ್ಷಿಸಲಾಗದೇ ಎಂಬ ಪ್ರಶ್ನೆ ಸಹಜ. ಆಗುತ್ತದೆ, ಇಲ್ಲಿಯೇ ಭದ್ರಾವತಿಯ ಕುಲುಮೆ ನೆನಪಿಗೆ ಬರುವುದು. ಅದಿರನ್ನು ಕರಗಿಸುವಾಗ ಇಂಧನದ ಇಂಗಾಲದಲ್ಲಿ ಒಂದು ಅಂಶ ಕಬ್ಬಿಣದೊಳಗೆ ಸೇರಿಕೊಳ್ಳುತ್ತದೆ. ಎರಕದ ಕಬ್ಬಿಣದಲ್ಲಿ ಅದು ನೂರಕ್ಕೆ ಮೂರು-ನಾಲ್ಕು ಪಾಲಿನಷ್ಟಿರುತ್ತದೆ. ಇದ್ದಿಲಿನಿಂದ ಕರಗಿಸಿದ ಕಬ್ಬಿಣದಲ್ಲಿ ಸೇರಿರುವುದು ಕಾಡಿನ ಮರದ ಇಂಗಾಲವಾದ್ದರಿಂದ ಅದರ ಕಾಲವನ್ನು ಅಳೆಯಬಹುದೆಂದು ನಿಕೋಲಾಸ್ ವ್ಯಾನ್ ಡೆರ್ ಮರ್ವೆ ಅವರು 1960ರ ದಶಕದಲ್ಲಿ ತೋರಿಸಿದರು. ಕಲ್ಲಿದ್ದಲಿನ ಕೋಕಿನಿಂದ ಕರಗಿಸಿದ ಕಬ್ಬಿಣ ನಿನ್ನೆ ಹುಟ್ಟಿದ್ದರೂ ಅದರಲ್ಲಿ ಇಂಗಾಲ-14 ಇರದು. ಕಲ್ಲಿದ್ದಲು ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಕಾಡು. ಹೀಗಾಗಿ 1923ರ ಭದ್ರಾವತಿಯ ಎರಕದ ತುಂಡೊಂದನ್ನು ಪ್ರಯೋಗಾಲಯಕ್ಕೆ ಕಳುಹಿದರೆ ಅದಕ್ಕೊಂದು ಕಾಲ ಬರುತ್ತದೆ. ಆದರೆ ಸೌದೆಯ ಒಳತಿರುಳಿನ ದೆಸೆಯಿಂದ ಆ ಕಾಲ 1923ಕ್ಕಿಂತ ಹಿಂದೆಯೇ ಬೀಳುವುದು ಸಂಭವ. ಪ್ರಾಚೀನರ ಬಡಿದು ಮಾಡಿದ ಮೆದುಕಬ್ಬಿಣದಲ್ಲಿ ಇಂಗಾಲ ತೀರ ಅಲ್ಪ. ಸಾವಿರಕ್ಕೆ ಒಂದು ಪಾಲಿದ್ದರೆ, ಒಂದು ಗ್ರಾಂ ಇಂಗಾಲಕ್ಕಾಗಿ ಒಂದು ಕಿಲೋ ಕಬ್ಬಿಣವನ್ನು ಬಲಿಕೊಡಬೇಕಾದೀತು. ಹೊಸ ವಿಧಾನ ಬರುವವರೆಗೆ ಹಳ್ಳೂರಿನಂಥ ನೆಲೆಯ ಸಣ್ಣ ಮೊನೆಗಳನ್ನು ಹೀಗೆ ಪರೀಕ್ಷಿಸುವ ಮಾತೇ ಇರಲಿಲ್ಲ.

ನೆರೆಯ ತಮಿಳುನಾಡಿನಿಂದ ಈಚೆಗೆ ಬಂದ ವರ್ತಮಾನಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಮಯಿಲಾಡುಂಪಾರೈಯ ಕಬ್ಬಿಣ ಕ್ರಿ.ಪೂ. 2172ರದೆಂದು 2022ರಲ್ಲಿಯೂ, ಶಿವಗಳೈಯದು ಕ್ರಿ.ಪೂ. 3345ರದೆಂದು 2025ರ ಜನವರಿಯಲ್ಲಿಯೂ ಅಲ್ಲಿಯ ಸರಕಾರ ಪ್ರಕಟಿಸಿತು. ಎರಡನೆಯ ಸಂಖ್ಯೆ ಬಂದುದು ಇದ್ದಿಲಿನಿಂದ. ಅದೇ ಶಿವಗಳೈಯ ಒಂದು ಸಮಾಧಿ ಮಡಕೆಯಲ್ಲಿದ್ದ ನೆಲ್ಲಿನ ಕಾಲ ಕ್ರಿ.ಪೂ. 1155 ಎಂದು ಹಿಂದೆ ಪ್ರಕಟವಾಗಿತ್ತು. ಒಂದೇ ನೆಲೆಯ ಇದ್ದಿಲಿಗೂ ನೆಲ್ಲಿಗೂ ನಡುವೆ ಎರಡು ಸಾವಿರ ವರ್ಷಗಳು! ಮಡಕೆಗಳು ಬೇರೆ ಬೇರೆಯಾದ್ದರಿಂದ ಎರಡೂ ನಿಜವಿರಬಹುದು. ಇದ್ದಿಲು ಆ ಕಬ್ಬಿಣದ ಜೊತೆಯದಲ್ಲದೆಯೂ ಇರಬಹುದು. ಇನ್ನಷ್ಟು ಕಾಳುಗಳೂ, ಸಾಧ್ಯವಾದರೆ ಕಬ್ಬಿಣವೂ ನೇರವಾಗಿ ಪರೀಕ್ಷೆಗೆ ಒಳಪಟ್ಟ ಮೇಲೆ ತೀರ್ಮಾನಿಸುವುದು ಲೇಸು. ನಮ್ಮ ನಾಡಿನ ಕಬ್ಬಿಣ ಹೆಚ್ಚು ಹಳೆಯದೋ, ನೆರೆನಾಡಿನದೋ ಎಂಬ ಸ್ಪರ್ಧೆಗೆ ಇಳಿಯುವವರು ಹಳ್ಳೂರಿನ ಫಲಿತಾಂಶಕ್ಕೂ ಇದೇ ಪ್ರಶ್ನೆಯನ್ನು ಹಾಕಲು ಸಿದ್ಧರಿರಬೇಕು.

ಇಷ್ಟನ್ನು ಓದಿದ ಸಾಹಿತ್ಯದ ವಿದ್ಯಾರ್ಥಿಯ ಮನಸ್ಸಿನಲ್ಲಿ ಒಂದು ಆಸೆ ಮೊಳೆತಿರುವುದು ಸಹಜ: ಓಲೆಗರಿಯೂ ಸಸ್ಯವೇ ಅಲ್ಲವೆ? ವಚನಗಳ ಕಟ್ಟುಗಳಿಂದ ಗರಿಯ ಚೂರೊಂದನ್ನು ಕಳುಹಿಸಿ ಕಾಲದ ವಿವಾದಗಳನ್ನೆಲ್ಲ ಒಮ್ಮೆಲೆ ಪರಿಹರಿಸಿಕೊಳ್ಳಬಾರದೇಕೆ? ಮಾದರಿಯಾಗಿ ಓಲೆಗರಿ ಉತ್ತಮವೇ ಸರಿ. ಗರಿಗೆ ಮರದ ತಿರುಳಿನ ತೊಡಕಿಲ್ಲ, ಚೂರು ಸಾಕು. ಆದರೆ ಕಟ್ಟುಗಳಿಗೆ ತಲೆತಲಾಂತರದಿಂದ ಎಣ್ಣೆ ಸವರಿದ್ದೇವೆ, ಅಕ್ಷರಕ್ಕೆ ಮಸಿ ತಿಕ್ಕಿದ್ದೇವೆ. ಈಚೆಗೆ ಹುಳು ಬಾರದಿರಲೆಂದು ಯಾರಾದರೂ ಸೀಮೆಎಣ್ಣೆಯನ್ನು ಸವರಿದ್ದರೆ, ಅದು ಕಲ್ಲಿದ್ದಲಿನಂತೆಯೇ ಇಂಗಾಲ-14 ಇಲ್ಲದ ವಸ್ತು. ನೂರಕ್ಕೆ ಒಂದು ಪಾಲು ಉಳಿದುಕೊಂಡರೂ ಗರಿಯ ವಯಸ್ಸು 80 ವರ್ಷ ಹೆಚ್ಚಿಬಿಡುತ್ತದೆ. ತೊಳೆಯುವುದರಲ್ಲಿ ಎಚ್ಚರ ತಪ್ಪಿದರೆ ಪ್ರತಿ ಹಳೆಯದಾಯಿತೆಂದು ನಾವು ಹಿಗ್ಗುತ್ತೇವೆ.

ಕಾಲದ ತೊಡಕು ಬೇರೆ. ಸುಮಾರು ಕ್ರಿ.ಶ. 1650ರಿಂದೀಚೆಗೆ ತಿದ್ದುಪಡಿಯ ರೇಖೆ ಅಂಕುಡೊಂಕಾಗಿದೆ. ಆ ಅವಧಿಯ ಗರಿ 1680ರದೋ 1780ರದೋ 1850ರದೋ ಎಂದು ಬೇರ್ಪಡಿಸಿ ಹೇಳುವುದು ಬಹುಮಟ್ಟಿಗೆ ಅಸಾಧ್ಯ. ನಮಗೆ ಉಳಿದಿರುವ ಕಟ್ಟುಗಳಲ್ಲಿ ಬಹುಸಂಖ್ಯೆಯವು ಈ ಕಾಲದವೇ. ಲಿಪಿಕಾರನು ಪುಷ್ಪಿಕೆಯಲ್ಲಿ ಸಂವತ್ಸರವನ್ನೂ ತಿಥಿಯನ್ನೂ ಬರೆದಿದ್ದರೆ ಯಾವ ಪ್ರಯೋಗಾಲಯವೂ ಅದಕ್ಕಿಂತ ಸೂಕ್ಷ್ಮವಾಗಿ ಹೇಳಲಾರದು.

ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಗರಿಯ ಕಾಲ ಕೃತಿಯ ಕಾಲವಲ್ಲ. 12ನೆಯ ಶತಮಾನದ ವಚನಗಳು ನಮಗೆ ದೊರೆತಿರುವುದು ಶತಮಾನಗಳ ಅನಂತರದ ಪ್ರತಿಗಳಲ್ಲಿ. ಗರಿಯ ಪರೀಕ್ಷೆ ಆ ಪ್ರತಿ ಯಾವ ಕಾಲಕ್ಕಿಂತ ಹಿಂದಿನದಲ್ಲವೆಂದು ಹೇಳಬಲ್ಲುದೇ ಹೊರತು ವಚನಕಾರನ ಕಾಲವನ್ನು ಹೇಳಲಾರದು. ಆಕ್ಸ್‌ಫರ್ಡಿನಲ್ಲಿರುವ ಬಖ್ಷಾಲಿ ಗಣಿತಗ್ರಂಥದ ಪ್ರಸಂಗ ಇದಕ್ಕೆ ನಿದರ್ಶನವಾಗಿದೆ. ಭೂರ್ಜಪತ್ರದ ಆ ಹಸ್ತಪ್ರತಿಯ ಮೂರು ಹಾಳೆಗಳನ್ನು ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಹೊರಬಂದಿತು: ಒಂದು ಹಾಳೆ ಮೂರು-ನಾಲ್ಕನೆಯ ಶತಮಾನದ್ದು, ಒಂದು ಏಳು-ಎಂಟನೆಯ ಶತಮಾನದ್ದು, ಮತ್ತೊಂದು ಒಂಬತ್ತು-ಹತ್ತನೆಯ ಶತಮಾನದ್ದು. ಸೊನ್ನೆಯ ಚಿಹ್ನೆಯ ಅತಿ ಪ್ರಾಚೀನ ಆಧಾರ ಸಿಕ್ಕಿತೆಂದು ಪತ್ರಿಕೆಗಳು ಮೊದಲನೆಯ ಹಾಳೆಯನ್ನೇ ಕೊಂಡಾಡಿದವು. ಆದರೆ ಗ್ರಂಥದ ಬರಹವೂ ವಿಷಯವೂ ಒಂದೇ ಓಟದಲ್ಲಿ ಸಾಗಿವೆಯಾಗಿ, ಕೊನೆಯ ಹಾಳೆಯ ಕಾಲಕ್ಕಿಂತ ಮೊದಲು ಈ ಪ್ರತಿಯನ್ನು ಬರೆದಿರಲಾರರೆಂದು ಗಣಿತದ ಇತಿಹಾಸಕಾರರು ಆಕ್ಷೇಪಿಸಿದರು. ಅವರ ಆಕ್ಷೇಪಕ್ಕೆ ಬಲ ಕೊಟ್ಟುದು ಅಕ್ಷರಗಳ ರೂಪ, ಪಾಠದ ಸಂಬಂಧ, ವಿಷಯದ ಅನುಕ್ರಮ. ಎಂದರೆ ನಮ್ಮ ಗ್ರಂಥಸಂಪಾದಕರು ದಿನನಿತ್ಯ ಬಳಸುವ ಸಾಧನಗಳೇ. ಭೂರ್ಜವೃಕ್ಷದ ತೊಗಟೆ ತಾನು ಮರದಿಂದ ಬೇರ್ಪಟ್ಟ ಕಾಲವನ್ನು ಹೇಳಿತ್ತು. ಅದರ ಮೇಲೆ ಲೇಖನಿಯನ್ನು ಯಾರು, ಎಂದು ಆಡಿಸಿದರೆಂಬುದನ್ನು ಅದು ಹೇಳಿರಲಿಲ್ಲ.